ಎರಡು ಕುಡಿಕೆ ಮಣ್ಣು

ಗಜೇಂದ್ರಗಡದ ನೇಕಾರರ ಓಣಿಯ ಕೊನೆಗೆ ನಮ್ಮ ಕ್ರೈಸ್ತರ ಮನೆಗಳಿವೆ. ಬಹಳ ಇಲ್ಲ. ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಓಣಿಗೆಲ್ಲ ಸೀನು ಬರುತ್ತದೆ. ನಡುವೆ ಪ್ರಾರ್ಥನೆಮನೆ. ಅದೂ ಮಣ್ಣಿನ ಮನೆಯೇ. ಒಳಗೆ ಒಂದು ಕಟ್ಟಿಗೆಯ ಶಿಲುಬೆ, ಬಣ್ಣ ಹೋದ ಮರಿಯಮ್ಮನ ಪಟ, ಮೂಡಣ ಗೋಡೆಯಲ್ಲಿ ಗೂಡಿನಂಥ ಒಂದು ಉದ್ದನೆಯ ಮಾಡ. ಆ ಮಾಡದಲ್ಲಿ ನಾವು ಸತ್ತವರ ಮಣ್ಣು ಇಡುತ್ತೇವೆ.

ನಮ್ಮ ಊರಲ್ಲಿ ಗುರುಗಳು ಇರುವುದಿಲ್ಲ. ವರ್ಷಕ್ಕೊಮ್ಮೆ ಬಂದರೆ ಪುಣ್ಯ. ಅಷ್ಟರಲ್ಲಿ ಯಾರಾದರೂ ತೀರಿಕೊಂಡರೆ ನಾವೇ ಒಯ್ದು ಹೂಳಬೇಕು. ಹಾಗೆ ಹೂಳುವಾಗ ಕುಣಿಯಿಂದ ಮೊದಲು ಬಂದ ಮಣ್ಣನ್ನು ಒಂದು ಕುಡಿಕೆಗೆ ತುಂಬಿ, ಬಾಯಿಗೆ ಬಿಳಿ ಅರಿವೆ ಕಟ್ಟಿ, ಸುಣ್ಣದಲ್ಲಿ ಶಿಲುಬೆ ಬರೆದು ಮಾಡದಲ್ಲಿ ಇಡುತ್ತೇವೆ. ಗುರುಗಳು ಬಂದಾಗ ಅದರ ಮೇಲೆ ಸತ್ತವರ ಮಂತ್ರ ಹೇಳಿ ತೀರ್ಥ ಚಿಮುಕಿಸುತ್ತಾರೆ. ಮನೆಯವರು ಅದನ್ನು ಒಯ್ದು ಗೋರಿಯ ಮೇಲೆ ತಲೆಯಿಂದ ಕಾಲಿನವರೆಗೆ ಸುರುವುತ್ತಾರೆ. ಅಲ್ಲಿಯವರೆಗೆ ಸತ್ತವರು ಮಣ್ಣಾದರು ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. "ಇನ್ನೂ ಕುಡಿಕ್ಯಾಗ ಅದಾರ" ಎನ್ನುತ್ತಾರೆ. ಅವರು ಕೂಡುತ್ತಿದ್ದ ಜಾಗ ಕದಲಿಸುವುದಿಲ್ಲ, ಅವರು ಹಿಡಿದ ಸಾಮಾನು ಬೇರೆಯವರಿಗೆ ಕೊಡುವುದಿಲ್ಲ. ಈ ಪದ್ಧತಿ ಯಾರು ಹಾಕಿಕೊಟ್ಟರೋ ಗೊತ್ತಿಲ್ಲ. ಮುದಗಲ್ಲಿನ ಕಡೆಯಿಂದ ಬಂದ ನಮ್ಮ ಹಿರಿಯರು ತಂದದ್ದೆಂದು ಹೇಳುತ್ತಾರೆ.

ನನ್ನ ಹೆಂಡತಿಯ ಮಣ್ಣು ಎರಡು ಕುಡಿಕೆಯಲ್ಲಿತ್ತು. ಹಾಗೆ ಎರಡು ಮಾಡಿದವನು ನಾನು. ಯಾರೂ ನನ್ನನ್ನು ಬೈಯಲಿಲ್ಲ. ಶಾಣ್ಯಾತನ ಮಾಡಿದೆ ಎಂದೇ ಅಂದರು.

ಯಾಕೆ ಹಾಗಾಯಿತೆಂದು ಹೇಳಬೇಕಾದರೆ ನಮ್ಮ ಬಿಷಪರ ವಿಷಯ ಹೇಳಬೇಕು. ನಾನು ಊರ ಅಯ್ಯನವರ ಸಾಲೆಯಲ್ಲಿ ಕಲಿತವನು. ಓದಲು ಬರೆಯಲು ಬರುತ್ತದೆ, ಅದಕ್ಕಿಂತ ಹೆಚ್ಚಿನದು ತಿಳಿಯದು. ಗುರುಗಳ ಬಾಯಿಂದ ಕೇಳಿದ್ದು ಇಷ್ಟು. ನಮ್ಮ ಅಜ್ಜನ ಕಾಲದಿಂದ ಈ ಕಡೆಗೆ ಬರುತ್ತಿದ್ದವರು ಗೋವೆಯ ಗುರುಗಳು. ಅವರನ್ನು ಕಳಿಸುವವರು ಗೋವೆಯ ಬಿಷಪರು. ಆ ಬಿಷಪರನ್ನು ಆರಿಸುವ ಹಕ್ಕು ಪೋರ್ತುಗಾಲದ ಅರಸರದು, ಅದನ್ನು ಎಲ್ಲ ಬಿಷಪರಿಗೂ ಮೇಲಿನವರಾದ ಹಿಂದಿನ ಪಾಪುಸ್ವಾಮಿಗಳೇ ಕೊಟ್ಟದ್ದು. ಮುಂದೆ ರೋಮಿನಲ್ಲಿ ಕುಳಿತ ಪಾಪುಸ್ವಾಮಿಗಳು, ಗೋವೆಯ ಹೊರಗಿನ ಇಷ್ಟು ದೊಡ್ಡ ಸೀಮೆಯನ್ನು ಗೋವೆಯವರು ನೋಡಿಕೊಳ್ಳಲಾರರೆಂದು, ಮುಂಬಯಿಯಲ್ಲಿ ತಮ್ಮದೇ ಬಿಷಪರನ್ನು ಇಟ್ಟರು. ಗೋವೆಯವರು ಹಕ್ಕು ಬಿಡಲಿಲ್ಲ. ಮುಂಬಯಿಯವರು ಸೀಮೆ ಬಿಡಲಿಲ್ಲ. ಹೀಗೆ ನಮ್ಮಂಥ ನಾಲ್ಕು ಮನೆಗಳಿಗೆ ಇಬ್ಬರು ಬಿಷಪರಾದರು. ಅವರಲ್ಲಿ ಒಬ್ಬರ ಮುಖವನ್ನೂ ನಾವು ನೋಡಿರಲಿಲ್ಲ.

ನಮ್ಮ ತಂದೆಯ ತಂಗಿ, ನನ್ನ ಸೋದರತ್ತೆ, ಓಣಿಗೆಲ್ಲ ಹಿರಿಯಳು. ಅವಳು ಅಂದಳು, "ಇಬ್ಬರು ಗೌಡ್ರಿದ್ದ ಊರಾಗ ಕರೆಯಾಕ ಬರೂ ಓಲೆಕಾರ ಇಬ್ಬರು. ನ್ಯಾಯ ಹೇಳಾವ ಒಬ್ಬಾಂವನೂ ಇರೂದಿಲ್ಲ."

ಮುಂಬಯಿ ಬಿಷಪರ ಗುರುಗಳು ನಮ್ಮ ಓಣಿಗೆ ಮೊದಲ ಸಲ ಬಂದದ್ದು ನರಗುಂದದ ಗದ್ದಲಕ್ಕೆ ಒಂದು ವರ್ಷ ಮುಂಚೆ. ಬೆಳಗಾವಿಯ ದಂಡಿನಲ್ಲಿ ಸಿಪಾಯಿಗಳ ನಡುವೆ ಇದ್ದವರು. ಚಿಕ್ಕ ವಯಸ್ಸು, ಕೆಂಪು ಗಡ್ಡ. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. ಪ್ರಾರ್ಥನೆಮನೆಯಲ್ಲಿ ಎಲ್ಲರನ್ನೂ ಕೂಡಿಸಿ ಹೇಳಿದರು, "ನೀವು ಒಂದು ದಿಕ್ಕನ್ನು ಹಿಡಿಯಬೇಕು. ಎರಡು ದೋಣಿಯಲ್ಲಿ ಕಾಲಿಡಬಾರದು."

ಅತ್ತೆ ನನ್ನ ಕಿವಿಯಲ್ಲಿ, "ದೋಣಿ ಅಂದ್ರ ಏನೋ ತಮ್ಮಾ? ಇಲ್ಲೆ ಹಳ್ಳದಾಗ ಎಮ್ಮಿ ಮೈ ತೊಯ್ಯಾಕ ನೀರ ಇಲ್ಲ" ಎಂದಳು. ನಗು ಬಂತು, ತಡೆದುಕೊಂಡೆ.

ಅವರು ಒಳ್ಳೆಯವರು. ಓಣಿಯಲ್ಲಿ ಒಂದು ಸಾಲೆ ತೆರೆಯುತ್ತೇವೆ, ವರ್ಷ ತಪ್ಪದೆ ಬರುತ್ತೇವೆ ಎಂದರು. ಗೋವೆಯ ಗುರುಗಳು ವಯಸ್ಸಾದವರು, ತಟ್ಟು ಕುದುರೆಯ ಮೇಲೆ ಬರುವವರು, ಒಂದು ವರ್ಷ ಬಂದರೆ ಒಂದು ವರ್ಷ ಇಲ್ಲ. ಓಣಿಯ ಹಿರಿಯರು ಮಾತಾಡಿಕೊಂಡು ಮುಂಬಯಿಯ ಕಡೆಗೆ ಒಪ್ಪಿದರು. ಗುರುಗಳು, ಓದಲು ಬರುವವರು ಯಾರು ಎಂದು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಆ ದಿನ ನನ್ನನ್ನು ಉಪದೇಶಿ ಎಂದು ನೇಮಿಸಿದರು. ಗುರುಗಳಿಲ್ಲದಾಗ ಪ್ರಾರ್ಥನೆ ಹೇಳಿಸುವುದು, ಕೂಸುಗಳಿಗೆ ಜಪ ಕಲಿಸುವುದು, ಹೂಳುವಾಗ ಮುಂದೆ ನಿಲ್ಲುವುದು ಉಪದೇಶಿಯ ಕೆಲಸ. ನನಗೆ ಹಿಗ್ಗಾಗಿತ್ತು. ಅದನ್ನು ಯಾಕೆ ಮುಚ್ಚಿಡಲಿ.

ಮನೆಗೆ ಬಂದಾಗ ನನ್ನ ಹೆಂಡತಿ ಮಗ್ಗದ ಮಗ್ಗುಲಿಗೆ ರಾಟಿ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ನಾನು ನೇಯುವುದು, ಅವಳು ನೂಲು ಸುತ್ತಿ ಕೊಡುವುದು, ಮದುವೆಯಾದಂದಿನಿಂದ ಹಾಗೆ. ಕೈ ನಿಲ್ಲಿಸದೆ ಕೇಳಿದಳು.

"ಈ ಗುರುಗಳ ಪೂಜಿ ಬ್ಯಾರೆ ಏನ್ರಿ?"

"ಇಲ್ಲ. ಅದ ಪೂಜಿ."

"ಮಂತ್ರ?"

"ಅವೂ ಅವ. ಪೂಜಿ ನಡುವ ಒಂದ ಕಡೆ ಬಿಷಪ್ಪರ ಹೆಸರ ಹೇಳ್ತಾರಂತ. ಗೋವಾದವರು ಅಲ್ಲೀ ಬಿಷಪ್ಪರ ಹೆಸರ ಹೇಳ್ತಾರ, ಇವರು ಮುಂಬೈ ಬಿಷಪ್ಪರದು."

"ನಮಗೆಂದೂ ಕೇಳಿಸಿಲ್ಲಲ್ಲ?"

"ಅದನ್ನ ಬಾಯಾಗ ಹೇಳ್ಕೋತಾರ."

ಅವಳು ರಾಟಿ ನಿಲ್ಲಿಸಿ ನಕ್ಕುಬಿಟ್ಟಳು. "ಅಯ್ಯ! ನಾವು ಗಂಡನ ಹೆಸರ ಹೇಳೂ ಮುಂದ ಬಾಯಾಗ ಗುಣುಗುಣು ಅಂತೀವಲ್ಲ, ಹಂಗ. ಅಷ್ಟಕ್ಕ ಇಷ್ಟ ಜಗಳೇನ್ರಿ?"

ಜಗಳ ನಮ್ಮ ಮನೆಯೊಳಗೇ ಬಂತು. ಅವಳ ತವರು ರೋಣ. ಅವಳ ತಮ್ಮ ಅಲ್ಲಿ ಹತ್ತಿಯ ವ್ಯಾಪಾರಿಯೊಬ್ಬರ ಹತ್ತಿರ ಅಂಡಿಗೆ ತುಂಬಿಸಿ ಕಟ್ಟಿಸುವ ಕೆಲಸಕ್ಕಿದ್ದಾನೆ. ಅವರ ಮನೆತನ ಗೋವೆಯ ಗುರುಗಳನ್ನು ಬಿಟ್ಟವರಲ್ಲ. ನಾನು ಉಪದೇಶಿಯಾದೆನೆಂದು ಕೇಳಿ ಬಂದವನು ಹೊಸ್ತಿಲ ಹೊರಗೇ ನಿಂತ.

"ಏನ್ ಮಾವಾ, ಈಗ ಕಂಪನಿ ಸರಕಾರದ ಬಿಷಪ್ಪನ ಕಡೆ ಆದಿ ಏನು?"

"ಕಂಪನಿದಲ್ಲೋ, ರೋಮಿನ ಕಡೆಯವರು."

"ದಂಡಿನ ಜೋಡಿ ಬರಾವ ದಂಡಿನಾವ. ಅಕ್ಕಾ, ನಿನ್ನ ಹಣಿಗೆ ತೀರ್ಥ ಹಾಕಿದವರು ಯಾರು, ತಾಳಿ ಮಂತ್ರಿಸಿ ಕೊಟ್ಟವರು ಯಾರು, ಸ್ವಲ್ಪ ನಿನ್ನ ಗಂಡಗ ಹೇಳು."

ಅವಳು ರೊಟ್ಟಿ ಬಡಿಯುತ್ತಿದ್ದಳು. "ಹೇಳ್ತೀನಿ. ಮೊದಲ ಒಳಗ ಬಂದ ಉಣ್ಣು. ಬದನೀಕಾಯಿ ಪಲ್ಲೆ ಇಬ್ಬರೂ ಬಿಷಪ್ಪರಿಗೆ ನಡೀತದ" ಎಂದಳು. ಅವನು ಬಂದು ಉಂಡ. ಅವಳಿರುವವರೆಗೆ ನಮ್ಮ ಜಗಳ ಇಷ್ಟರಲ್ಲೇ ಮುಗಿಯುತ್ತಿತ್ತು.

ಮರುವರ್ಷ ಬೇಸಿಗೆಯಲ್ಲಿ ನರಗುಂದದ ಅರಸರು ಕಂಪನಿ ಸರಕಾರದ ಮೇಲೆ ತಿರುಗಿಬಿದ್ದು ಗದ್ದಲವಾಯಿತು. ಅದು ಎಲ್ಲರಿಗೂ ಗೊತ್ತಿರುವ ಸಂಗತಿ, ನಾನು ಹೇಳಬೇಕಾಗಿಲ್ಲ. ನಮಗೆ ತಟ್ಟಿದ್ದು ಇಷ್ಟೇ. ದಾರಿಗಳು ಕಟ್ಟಿದವು. ಸವಾರರು ಹೋಗುಬರುವವರ ಗಂಟು ಬಿಚ್ಚಿ ನೋಡುತ್ತಿದ್ದರು. ಕೆಂಪು ಗಡ್ಡದ ಗುರುಗಳು ಬರಬೇಕಾದ ಹೊತ್ತು ಅದೇ. ಗೋವೆಯವರೂ ಬರಲಿಲ್ಲ. ಅದೇ ದಿನಗಳಲ್ಲಿ ಅವಳು ಚಳಿಜ್ವರದಿಂದ ಮಲಗಿದಳು. ನೂಲು ತರುವ ವ್ಯಾಪಾರಿಯೊಬ್ಬ ನರಗುಂದದ ಕಡೆಯಿಂದ ಹೇಗೋ ಬಂದು ಮುಟ್ಟಿದಾಗ, ಗುರುಗಳು ಬರುವ ಸುದ್ದಿ ಏನಾದರೂ ಇದೆಯೇ ಎಂದು ಕೇಳಿದೆ.

"ಪಾದ್ರಿ ಸುದ್ದಿ ಕೇಳ್ತಿಯಲ್ಲೋ ಮಾರಾಯಾ! ಅಲ್ಲೆ ಈಗ ಕಾಗಿನೂ ಕೇಳೇ ಹಾರಬೇಕು" ಎಂದ.

ಒಳಗೆ ಮಲಗಿದ್ದ ಅವಳಿಗೆ ಇದು ಕೇಳಿಸಿತು. ನೆಲ ತಣ್ಣಗಿರುತ್ತದೆಂದು ರಾಟಿಯ ಪಕ್ಕದಲ್ಲೇ ಹಾಸಿಕೊಂಡಿದ್ದಳು. ನನ್ನನ್ನು ಕರೆದಳು.

"ಯಾರ ಮೊದಲ ಬರ್ತಾರ ಅವರ ಕೈಲೆ ಮುಗಿಸಿಬಿಡ್ರಿ" ಎಂದಳು.

"ಏನ ಮುಗಿಸೂದು?"

"ನನ್ನ ಮಣ್ಣ. ಗೋವಾದವರು ಬರ್ಲಿ, ಮುಂಬೈಯವರು ಬರ್ಲಿ. ಭಾಳ ದಿನ ನನ್ನ ಆ ಮಾಡದಾಗ ಕುಂಡ್ರಸಬ್ಯಾಡ್ರಿ. ಅಲ್ಲೆ ಗೆದ್ದಲ ಏಳತಾವ."

ಹಾಗೆಲ್ಲ ಮಾತಾಡಬೇಡ ಎಂದು ಗದರಿದೆ. ಆಗಲಿ ಎನ್ನಲಿಲ್ಲ. ಒಂದು ಮಾತು, ಆಗಲಿ ಎಂದಿದ್ದರೆ ಸಾಕಾಗಿತ್ತು. ಆ ಮಾತು ಬಾಯಿಂದ ಬಂದಿದ್ದರೆ ಮುಂದೆ ಅದನ್ನು ಮೀರುವ ಧೈರ್ಯ ನನಗೆ ಬರುತ್ತಿರಲಿಲ್ಲ. ಜ್ವರ ಬಿಡಲಿಲ್ಲ. ಮರುವಾರ, ಮಧ್ಯಾಹ್ನ, ನಾನು ನೀರು ತರಲು ಎದ್ದುಹೋಗಿ ಬರುವುದರೊಳಗೆ ಹೋಗಿಬಿಟ್ಟಿದ್ದಳು.

ಹೂಳುವ ಹೊತ್ತಿಗೆ ಅವಳ ತಮ್ಮ ರೋಣದಿಂದ ಓಡುತ್ತ ಬಂದ. ಸವಾರರು ದಾರಿಯಲ್ಲಿ ತಡೆದಿದ್ದರಂತೆ. ಕುಣಿ ತೋಡುತ್ತಿದ್ದರು. ನಾನು ಮೊದಲ ಮಣ್ಣನ್ನು ಕುಡಿಕೆಗೆ ಹಾಕಲು ಬಗ್ಗಿದಾಗ ಅವನು ನನ್ನ ಮೊಣಕೈ ಹಿಡಿದ.

"ಈ ಮಣ್ಣ ಯಾರಿಗೆ ಇಡಾಕ್ಹತ್ತಿ ಮಾವಾ?"

"ಗುರುಗಳಿಗೆ."

"ಯಾವ ಗುರುಗಳಿಗೆ? ನಮ್ಮಕ್ಕನ ಮಣ್ಣ ಗೋವಾದ ಸ್ವಾಮ್ಯಾರ ಮುಂದ ಇಡಬೇಕು. ಇಲ್ಲಂದ್ರ ನಾ ಇಲ್ಲಿಂದ ಏಳಾವಲ್ಲ."

ಓಣಿಯ ಹಿರಿಯರಲ್ಲಿ ಒಬ್ಬರು, "ಉಪದೇಶಿ ಮನಿ ಮಣ್ಣ ಗೋವಾದವರ ಮುಂದ ಇಟ್ರ, ನಾಳೆ ನಮ್ಮ ಗುರುಗಳಿಗೆ ಏನ ಹೇಳೂದು? ಸಾಲಿ ತೆಗೀತಾರ ಅವರು?" ಎಂದರು. ದನಿಗಳು ಏರಿದವು. ಅವಳು ಪಕ್ಕದಲ್ಲಿ ಬಿಳಿ ಸೀರೆಯಲ್ಲಿ ಮಲಗಿದ್ದಳು. ಆ ಸೀರೆ ನಾನೇ ನೇಯ್ದದ್ದು. ಅವಳು ಹೇಳಿದ ಮಾತು ನನಗೆ ನೆನಪಿತ್ತು. ಯಾರು ಮೊದಲು ಬರುತ್ತಾರೋ ಅವರು. ಅದನ್ನು ಅಲ್ಲಿ ಹೇಳಿದ್ದರೆ ಇಬ್ಬರೂ ಸುಮ್ಮನಾಗುತ್ತಿದ್ದರು. ಅವಳ ಮಾತನ್ನು ಅವಳ ತಮ್ಮ ಮೀರುತ್ತಿರಲಿಲ್ಲ, ಓಣಿಯೂ ಮೀರುತ್ತಿರಲಿಲ್ಲ. ಆದರೆ ಮೊದಲು ಗೋವೆಯವರೇ ಬಂದರೆ? ನಾನು ಉಪದೇಶಿ. ಒಪ್ಪಿಕೊಂಡದ್ದು ಮುಂಬಯಿಯ ಕಡೆ. ಆ ಹಿಗ್ಗು ಇನ್ನೂ ಹೊಸದಾಗಿತ್ತು.

ಎರಡೂ ಕೈಯಲ್ಲಿ ಮಣ್ಣು ಎತ್ತಿಕೊಂಡು, "ಎರಡ ಕುಡಿಕಿ ಮಾಡೂಣು. ಒಂದ ಅವರಿಗೆ, ಒಂದ ಇವರಿಗೆ" ಎಂದುಬಿಟ್ಟೆ.

ಎಲ್ಲರೂ ಒಪ್ಪಿದರು. ಅವಳ ತಮ್ಮನೂ ಒಪ್ಪಿದ. ಅತ್ತೆ ಮಾತ್ರ ನನ್ನ ಕೈಗಳನ್ನೇ ನೋಡುತ್ತಿದ್ದಳು.

"ಎರಡೂ ಕೈಯಾಗ ಮಣ್ಣ ಹಿಡಕೊಂಡ ನಿಂತಿಯಲ್ಲೋ ತಮ್ಮಾ, ಈಗ ಶಿಲುಬಿ ಗುರ್ತ ಯಾವ ಕೈಲೆ ಮಾಡ್ತಿ?"

ಮಣ್ಣು ಕುಡಿಕೆಗೆ ಹಾಕಿದ ಮೇಲೆಯೇ ಮಾಡಿದೆ.

ಮಳೆಗಾಲದಲ್ಲಿ ಓಣಿಯಲ್ಲಿ ಇನ್ನೂ ಕೆಲವರು ಹೋದರು. ಮೊದಲು ಹೋದವಳು ನಮ್ಮ ಹಿಂದಿನ ಮನೆಯ ಮುದುಕಿ. ಅವಳ ಮಗ, ನೂಲಿಗೆ ಬಣ್ಣ ಹಾಕುವ ಕೆಲಸದವನು, ಕೈಯಲ್ಲಿ ಎರಡು ಹೊಸ ಕುಡಿಕೆ ಹಿಡಿದು ಬಂದ. ನನಗೆ ಒಮ್ಮೆಗೆ ತಿಳಿಯಲಿಲ್ಲ.

"ಎರಡ ಯಾಕೋ?"

"ನೀವ ಮಾಡೀರಲ್ರಿ ಉಪದೇಶಿಗಳ? ನಮ್ಮವ್ವ ಏನ ಕಡಿಮಿ?" ಎಂದ. ಸಿಟ್ಟಿಗಲ್ಲ, ನಿಜವಾಗಿಯೇ ಕೇಳಿದ.

ಬೇಡ ಎನ್ನಬೇಕಾಗಿತ್ತು. ಏನೆಂದು ಬೇಡ ಅನ್ನಲಿ? ನನ್ನ ಹೆಂಡತಿಗೆ ಸರಿಯಾದದ್ದು ಅವನ ತಾಯಿಗೆ ಯಾಕೆ ಸರಿಯಲ್ಲ? ಕುಣಿಯ ದಂಡೆಗೆ ನಿಂತು ನಾನೇ ಅವನ ಎರಡು ಕುಡಿಕೆಗೂ ಅರಿವೆ ಕಟ್ಟಿಕೊಟ್ಟೆ. ಆಮೇಲೆ ಹೋದವರ ಮನೆಯವರು ಕೇಳಲೇ ಇಲ್ಲ. ತಾವಾಗಿಯೇ ಎರಡು ತಂದರು. ಒಂದು ಎಳೆಗೂಸು ತೀರಿಕೊಂಡಿತು, ಅದರ ಒಂದು ಹಿಡಿ ಮಣ್ಣನ್ನೂ ಎರಡು ಮಾಡಿದರು. ಆ ತಂದೆ ಕುಡಿಕೆ ಸಣ್ಣದು ಸಿಗಲಿಲ್ಲವೆಂದು ಎರಡು ಹಣತೆಯಲ್ಲಿ ತಂದಿದ್ದ. ಮಾಡ ತುಂಬಿತು. ಎಲ್ಲವೂ ಜೋಡಿ ಜೋಡಿ. ಅತ್ತೆ ದೀಪ ಹಚ್ಚಲು ಬಂದಾಗ ನೋಡಿ, "ಪ್ರಾರ್ಥನಿ ಮನಿ ಹೋಗಿ ಕುಂಬಾರನ ಅಂಗಡಿ ಆಗೇತಿ" ಎಂದಳು. ಮತ್ತೆ ಸಣ್ಣ ದನಿಯಲ್ಲಿ, "ನಂದು ಒಂದ ಇರಲಿ ನೋಡು. ಎರಡ ಮಾಡಿದಿ ಅಂದ್ರ ಎದ್ದ ಬಂದೇನು."

ಮಳೆ ನಿಂತು ಜೋಳ ಬಿತ್ತುವ ಹೊತ್ತಿಗೆ ಗೋವೆಯ ಗುರುಗಳು ರೋಣಕ್ಕೆ ಬಂದರೆಂದು ಸುದ್ದಿ ಬಂತು. ಹಾಗಾದರೆ ಮೊದಲು ಬಂದವರು ಅವರೇ. ನಮ್ಮ ಓಣಿಗೆ ಅವರನ್ನು ಕರೆಯುವಂತಿರಲಿಲ್ಲ. ಪ್ರತಿ ಜೋಡಿಯಿಂದ ಒಂದೊಂದು ಕುಡಿಕೆ ತೆಗೆದು ಬುಟ್ಟಿಯಲ್ಲಿ ಹುಲ್ಲು ಹಾಸಿ ಇಟ್ಟುಕೊಂಡು, ತಲೆಯ ಮೇಲೆ ಹೊತ್ತು, ಬೆಳಗಿನಲ್ಲಿ ಹೊರಟೆ. ದಾರಿಯ ಎರಡೂ ಬದಿಗೆ ಎರೆಹೊಲ. ಕೂರಿಗೆ ಹೊಡೆಯುತ್ತಿದ್ದವರು ಕುಡಿಕೆ ಮಾರುವವನೆಂದು ತಿಳಿದು ಕರೆದರು. ಇಲ್ಲ ಎಂದು ಕೈ ಮಾಡಿದೆ.

ಗುರುಗಳು ಅವಳ ತಮ್ಮನ ಮನೆಯ ಪಡಸಾಲೆಯಲ್ಲಿ ಕುಳಿತಿದ್ದರು. ಬಹಳ ಸೊರಗಿದ್ದರು. ನನ್ನ ಮದುವೆ ಮಾಡಿಸಿದವರು ಅವರೇ. ಮಂತ್ರ ಹೇಳುವ ಮುಂಚೆ ಅರಿವೆ ಬಿಚ್ಚಿ ಒಳಗೆ ನೋಡಿದರು.

"ಇಷ್ಟ ಏನು ಮಣ್ಣು? ಅರ್ಧಾನೂ ಇಲ್ಲ."

ಅವಳ ತಮ್ಮ ಕಂಬಕ್ಕೆ ಆತುಕೊಂಡು ನೆಲ ನೋಡುತ್ತಿದ್ದ. ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಜಪಸರದ ಮಣಿ ಸರಿಸುತ್ತ ಕೇಳಿದರು.

"ಉಳಿದದ್ದನ್ನೂ ಮಾಡಿಬಿಡೋಣಲ್ಲ? ನಾನೇ ಗಜೇಂದ್ರಗಡಕ್ಕ ಬರ್ತೇನೆ. ತಟ್ಟು ಇನ್ನೂ ನಡೀತದೆ."

"ಬ್ಯಾಡ್ರಿ ಸ್ವಾಮಿ. ಓಣಿ ಅವರಿಗೆ ಮಾತ ಕೊಟ್ಟೇತಿ."

"ಮಾತು ಕೊಟ್ಟದ್ದು ಓಣಿ. ಆಕಿ ಏನಂದಿದ್ದಳು?"

ನಾನು ಬಿಚ್ಚಿದ ಅರಿವೆಯನ್ನು ಮಡಚತೊಡಗಿದೆ. ಅವರು ಮತ್ತೆ ಕೇಳಲಿಲ್ಲ. ಎದ್ದು ನಿಂತು ಮಂತ್ರ ಹೇಳಿದರು, ಎಲ್ಲ ಕುಡಿಕೆಗೂ ತೀರ್ಥ ಹಾಕಿದರು. ಹಣತೆಯ ಮುಂದೆ ಬಂದಾಗ ಬಗ್ಗಿ ಬೆರಳಿನಿಂದ ಮುಟ್ಟಿದರು.

ಮರುದಿನ ಗೋರಿಯ ಮೇಲೆ ಸುರುವಿದೆ. ತಲೆಯಿಂದ ಶುರುಮಾಡಬೇಕು, ಕಾಲಿಗೆ ಮುಟ್ಟಿಸಬೇಕು. ಎಷ್ಟು ತೆಳ್ಳಗೆ ಉದುರಿಸಿದರೂ ಮಣ್ಣು ನಡುವಿನವರೆಗೆ ಬಂದು ತೀರಿತು. ಕುಡಿಕೆ ಬೋರಲು ಹಾಕಿ ತಟ್ಟಿದೆ. ಬಣ್ಣದವನೂ ಅವನ ತಾಯಿಯ ಗೋರಿಯ ಹತ್ತಿರ ಹಾಗೆಯೇ ತಟ್ಟುತ್ತಿದ್ದ. ಅವನು ನನ್ನ ಕಡೆ ತಿರುಗಿ ನೋಡಿದ. ನಾನು ಬೇರೆ ಕಡೆ ನೋಡಿದೆ.

ಅವಳ ರಾಟಿಯನ್ನು ಈಗ ಎತ್ತಬಹುದೋ ಎತ್ತಬಾರದೋ ತಿಳಿಯಲಿಲ್ಲ. ಕುಡಿಕೆ ಬರಿದಾದರೆ ಎತ್ತಬೇಕು, ಕುಡಿಕೆ ಇದ್ದರೆ ಎತ್ತಬಾರದು. ಇದಕ್ಕೆ ನಮ್ಮಲ್ಲಿ ರೂಢಿಯೇ ಇಲ್ಲ. ನೂಲು ಸುತ್ತಿಸಿಕೊಳ್ಳಲು ಬೇರೆ ಮನೆಗೆ ಹೋಗುತ್ತಿದ್ದೆ. ಸಂಜೆ ಪ್ರಾರ್ಥನೆಮನೆಯಲ್ಲಿ ಜನರ ಮುಂದೆ ಕುಳಿತಾಗ ಆ ಮಾಡ ನನ್ನ ಬೆನ್ನಿಗೆ ಇರುತ್ತಿತ್ತು. ಅವರು ಅದನ್ನು ನೋಡುತ್ತ ಜಪ ಹೇಳುತ್ತಿದ್ದರು. ಬೆನ್ನು ಬಿಸಿಯಾದಂತೆ ಅನಿಸುತ್ತಿತ್ತು.

ಚಳಿಗಾಲದಲ್ಲಿ ಕೆಂಪು ಗಡ್ಡದ ಗುರುಗಳು ನರಗುಂದದ ದಾರಿಯಿಂದ ಚಕ್ಕಡಿಯಲ್ಲಿ ಬಂದರು. ಒಳಗೆ ಬಂದವರೇ ಮಾಡವನ್ನು ನೋಡಿದರು. ಇಷ್ಟು ಜನ ಸತ್ತರೇ ಎಂದು ಗಾಬರಿಯಾದರು. ನಾನು ಎಲ್ಲವನ್ನೂ ಹೇಳಿದೆ. ಅರ್ಧ ಮಣ್ಣಿಗೆ ಆಗಿದೆ, ಅರ್ಧಕ್ಕೆ ತಾವು ಮಾಡಬೇಕು ಎಂದೆ. ಅವರು ಮಣೆಯ ಮೇಲೆ ಕುಳಿತುಬಿಟ್ಟರು.

"ನಾನು ಮಾಡಲಾರೆ" ಎಂದರು.

"ಯಾಕ್ರಿ ಸ್ವಾಮಿ?"

"ರೋಮಿಗೂ ಪೋರ್ತುಗಾಲಕ್ಕೂ ಈಗ ಒಪ್ಪಂದದ ಮಾತು ನಡೆದಿದೆ. ಅದು ತೀರುವವರೆಗೆ ಅವರು ಮಾಡಿದ್ದನ್ನು ನಾವು ತಿರುಗಿ ಮಾಡಬಾರದು ಎಂದು ನಮಗೆ ಅಪ್ಪಣೆಯಾಗಿದೆ. ತಿರುಗಿ ಮಾಡಿದರೆ ಅವರದು ಸುಳ್ಳು ಎಂದು ಹೇಳಿದಂತೆ. ಒಬ್ಬ ಮನುಷ್ಯನಿಗೆ ಒಂದು ಮರಣ, ಒಂದು ಮರಣಕ್ಕೆ ಒಂದು ಸಂಸ್ಕಾರ. ಆಗಿದೆಯಲ್ಲ? ಇದನ್ನು ಸುಮ್ಮನೆ ಒಯ್ದು ಸುರುವಿರಿ."

ಹಿಂದೆ ಕುಳಿತಿದ್ದ ಬಣ್ಣದವನು ಎದ್ದು ನಿಂತ. "ಹೋದ ಸಲ ಬಂದಾಗ ಒಂದ ದಿಕ್ಕ ಹಿಡೀರಿ ಅಂದ್ರಿ. ಈಗ ಎರಡೂ ಒಂದ ಅಂತೀರಿ. ಹಂಗಾರ ನಮ್ಮವ್ವನ ಕಾಲ ಯಾವ ದಿಕ್ಕಿಗೆ ಬಿದ್ದಂಗಾತ್ರಿ?"

ಗುರುಗಳಿಗೆ ಆ ಮಾತು ಪೂರ್ತಿ ಅರ್ಥವಾಗಲಿಲ್ಲವೆಂದು ಕಾಣುತ್ತದೆ. ಸತ್ತವರೆಲ್ಲರಿಗಾಗಿ ಪೂಜೆ ಮಾಡುತ್ತೇನೆ ಎಂದರು, ಮಾಡಿದರು. ಕುಡಿಕೆಗಳನ್ನು ಮಾತ್ರ ಮುಟ್ಟಲಿಲ್ಲ.

ಪೂಜೆಗೆ ಮುಂಚೆ ನಾನು ಅವರ ಹತ್ತಿರ ಪಾಪನಿವೇದನೆಗೆ ಮೊಣಕಾಲೂರಿದೆ. ಅವಳು ಹೇಳಿದ್ದು, ನಾನು ಅದನ್ನು ನುಂಗಿಕೊಂಡದ್ದು, ಮಣ್ಣನ್ನು ಎರಡು ಮಾಡಿದ್ದು, ಹೇಳಿದೆ. ಅವರು ಕೇಳಿ, ಮೆಲ್ಲಗೆ, "ಇದು ಪಾಪವಲ್ಲ. ನೀನು ಜಗಳವನ್ನು ತಪ್ಪಿಸಿದೆ" ಎಂದರು. ಬೇರೆ ಏನಾದರೂ ಇದೆಯೇ ಎಂದು ಕೇಳಿದರು. ಇದ್ದ ಸಣ್ಣಪುಟ್ಟದ್ದನ್ನು ಹೇಳಿದೆ. ಅವುಗಳಿಗೆ ಪ್ರಾಯಶ್ಚಿತ್ತ ಕೊಟ್ಟು ಕ್ಷಮೆಯ ಮಂತ್ರ ಹೇಳಿದರು. ದೊಡ್ಡದು ಹಾಗೆಯೇ ಉಳಿಯಿತು. ಪಾಪವೇ ಅಲ್ಲದ್ದನ್ನು ಕ್ಷಮಿಸುವುದು ಹೇಗೆ? ಅವರ ತಪ್ಪಲ್ಲ.

ಅವರು ಹೊರಟುಹೋದ ಮೇಲೆಯೂ ಕುಡಿಕೆಗಳು ಮಾಡದಲ್ಲೇ ಉಳಿದವು. ಮಂತ್ರವಾಗದ ಮಣ್ಣನ್ನು ಸುರುವಲು ಯಾರಿಗೂ ಮನಸ್ಸಿಲ್ಲ. ಗೋವೆಯವರ ಹತ್ತಿರ ಒಯ್ಯೋಣವೆಂದು ಅವಳ ತಮ್ಮನಿಗೆ ಹೇಳಿಕಳಿಸಿದೆ. ಮುದುಕರು ಗೋವೆಗೆ ಹಿಂತಿರುಗಿದ್ದಾರೆ, ಕಣ್ಣು ಕಾಣುವುದಿಲ್ಲವಂತೆ, ಇನ್ನು ಬರಲಾರರು ಎಂದು ಅವನೇ ಬಂದು ತಿಳಿಸಿದ. ಕೂಸಿನ ತಾಯಿ ದಿನಾ ಸಂಜೆ ಬಂದು ಹಣತೆಯ ಮುಂದೆ ಕುಳಿತುಕೊಳ್ಳುತ್ತಿದ್ದಳು. ಗುರುಗಳೇ ಸುರುವಿ ಎಂದಿದ್ದಾರಲ್ಲ ಎಂದರೆ ಹಣತೆಯ ಮೇಲಿನ ಧೂಳು ಒರೆಸುತ್ತಿದ್ದಳು. ಬಣ್ಣದವನೇ ಒಂದು ದಿನ ಬಾಯಿಬಿಟ್ಟ.

"ನೀವ ಎರಡ ಮಾಡಿದ್ರಿ, ನಾವೂ ಮಾಡ್ದಿವಿ. ನಿಮ್ಮ ಕುಡಿಕಿ ಮೊದಲ ಹೋಗಲ್ರಿ ಉಪದೇಶಿಗಳ. ಅದು ಹ್ವಾದ್ರ ನಮ್ಮವ್ವಂದೂ ಹೊಕ್ಕೇತಿ."

ನಾನು ಈಗ ಬೇಡ ಎನ್ನಬಹುದಾಗಿತ್ತು. ಮುಂದಿನ ವರ್ಷ ಗೋವೆಯಿಂದ ಬೇರೆ ಗುರುಗಳು ಬಂದಾರು, ಅವಳ ಉಳಿದ ಅರ್ಧವೂ ಮಂತ್ರವಾಗಿ ಹೋಗಲಿ ಎಂದು ಕಾಯಬಹುದಾಗಿತ್ತು. ಕಾದರೆ ಎಲ್ಲರೂ ಕಾಯುತ್ತಾರೆ. ಆ ತಾಯಿ ಹಣತೆಯ ಮುಂದೆ ಕುಳಿತೇ ಇರುತ್ತಾಳೆ. ಸುರುವಿದರೆ, ನಮ್ಮ ಹಿರಿಯರ ಲೆಕ್ಕದಲ್ಲಿ, ಅವಳು ಅರ್ಧ ಕುಡಿಕೆಯಲ್ಲೇ ಉಳಿಯುತ್ತಾಳೆ, ಎಂದೆಂದಿಗೂ. ಗುರುಗಳ ಲೆಕ್ಕ ಬೇರೆ ಇರಬಹುದು. ನಾನು ಬೆಳೆದದ್ದು ಹಿರಿಯರ ಲೆಕ್ಕದಲ್ಲಿ.

ಭಾನುವಾರ ಪ್ರಾರ್ಥನೆ ಮುಗಿದ ಕೂಡಲೇ ಅವಳ ಕುಡಿಕೆ ಎತ್ತಿಕೊಂಡೆ. ಅಡಿಯಲ್ಲಿ ಗೆದ್ದಲು ಮಣ್ಣು ಕಟ್ಟಿತ್ತು. ಅವಳು ಹೇಳಿದ್ದಳು. ಅಂಗಿಯ ತುದಿಯಿಂದ ಒರೆಸಿದೆ. ಅವಳ ತಮ್ಮ ರೋಣಕ್ಕೆ ಹಿಂತಿರುಗಿರಲಿಲ್ಲ, ಜೊತೆಗೆ ಬಂದ. ಅತ್ತೆ ನನ್ನ ಹೆಗಲು ಹಿಡಿದುಕೊಂಡು ನಡೆದಳು. ಓಣಿಯೆಲ್ಲ ಹಿಂದೆ ಬಂತು.

ಗೋರಿಯ ನಡುವಿನಿಂದ ಶುರುಮಾಡಿ ಕಾಲಿನವರೆಗೆ ಸುರುವಿದೆ. ಅವಳ ತಮ್ಮ ಕುಡಿಕೆಯ ತಳ ಹಿಡಿದಿದ್ದ. ತಲೆಯ ಕಡೆಯ ಮಣ್ಣು ಇಬ್ಬನಿಗೆ ಗಟ್ಟಿಯಾಗಿ ಕಪ್ಪಗಾಗಿತ್ತು, ಈಗ ಬಿದ್ದದ್ದು ಒಣಗಿ ಬಿಳುಚಿಕೊಂಡಿತ್ತು. ಎರಡೂ ಕೂಡುವ ಜಾಗ ಎದ್ದು ಕಾಣುತ್ತಿತ್ತು. ಅತ್ತೆ "ನಮೋ ಮರಿಯೆ" ಎಂದು ಎತ್ತಿಕೊಟ್ಟಳು, ಎಲ್ಲರೂ ಹೇಳಿದರು.

"ಎರಡೂ ಕೈ ಬರಿದಾದುವಲ್ಲ, ಈಗ ಗುರ್ತ ಮಾಡು" ಎಂದಳು ಅತ್ತೆ.

ಮಾಡಿದೆ. ಬಣ್ಣದವನು ಓಡುತ್ತ ಹೋಗಿ ತನ್ನ ತಾಯಿಯ ಕುಡಿಕೆ ತಂದ. ಉಳಿದವರೂ ತಂದರು. ಕೂಸಿನ ತಾಯಿ ಹಣತೆಯನ್ನು ಬೇರೆ ಯಾರ ಕೈಗೂ ಕೊಡದೆ ತಾನೇ ಬೋರಲು ಹಾಕಿದಳು. ಹೊತ್ತೇರುವಷ್ಟರಲ್ಲಿ ಮಾಡ ಬರಿದಾಯಿತು. ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ, "ಉಪದೇಶಿ ಅಂದ್ರ ಹಿಂಗಿರಬೇಕು ನೋಡ. ತಾ ಮುಂದ ನಡದ ತೋರಿಸಿದಾ" ಎಂದರು.

ಮುಂದೆ ನಡೆದವನು ನಾನಲ್ಲ. ಎರಡು ಸಲವೂ ಅವಳನ್ನೇ ಮುಂದಿಟ್ಟೆ. ಜಗಳ ತಪ್ಪಿಸಲು ಒಮ್ಮೆ, ಜನರಿಗೆ ದಾರಿ ತೋರಿಸಲು ಒಮ್ಮೆ. ಎರಡು ಸಲವೂ ಅವಳನ್ನು ಕೇಳಲಿಲ್ಲ. ಕೇಳಬೇಕಾದ ಮಾತನ್ನು ಅವಳು ಮೊದಲೇ ಹೇಳಿಯಾಗಿತ್ತು.

ರಾಟಿಯನ್ನು ಕೂಸಿನ ತಾಯಿಗೆ ಕೊಟ್ಟೆ. ಚೆನ್ನಾಗಿ ಸುತ್ತುತ್ತಾಳೆ, ನನ್ನ ಕಂಡಿಕೆಗಳೂ ಅಲ್ಲಿಂದಲೇ ಬರುತ್ತವೆ. ಬಿಷಪರ ಒಪ್ಪಂದ ಏನಾಯಿತೋ ನಮಗಿನ್ನೂ ತಿಳಿದಿಲ್ಲ. ಸಾಲೆ ತೆರೆದಿಲ್ಲ. ಪ್ರಾರ್ಥನೆಯನ್ನು ನಾನೇ ಹೇಳಿಸುತ್ತೇನೆ. ತಿಂಗಳ ಮೊದಲ ಭಾನುವಾರ ಸತ್ತವರ ಹೆಸರುಗಳನ್ನು ಗಟ್ಟಿಯಾಗಿ ಓದಬೇಕು. ಎಲ್ಲರದನ್ನೂ ಓದುತ್ತೇನೆ. ಅವಳ ಹೆಸರು ಬಂದಾಗ ದನಿ ತಾನಾಗಿ ಇಳಿದು ಬಾಯೊಳಗೇ ಉಳಿಯುತ್ತದೆ. ಹೆಂಡತಿಯ ಹೆಸರು ಹೇಳಲು ನಾಚುತ್ತಾನೆ ಎಂದು ಓಣಿಯ ಹೆಂಗಸರು ಸೆರಗಿನಲ್ಲಿ ನಗುತ್ತಾರೆ. ಅವರು ಹಾಗೆಯೇ ತಿಳಿದುಕೊಳ್ಳಲಿ ಎಂದು ಮುಂದಿನ ಹೆಸರಿಗೆ ಹೋಗುತ್ತೇನೆ.